ಮೂರನೇ ಮಂಚದ ಬಾಣಂತಿ

ಧನಲಕ್ಷ್ಮಿ ಅಂತ, ನನ್ನ ಚಿಕ್ಕಮ್ಮನ ಮಗಳು. ಇದು ಅವಳಿಗೆ ಆಗಿದ್ದು. ಎಲ್ಲೋ ಯಾರೋ ಹೇಳಿದ್ದಲ್ಲ... ನಮ್ಮನೆ ಅಡುಗೆ ಕೋಣೇಲಿ ಕೂತು ಅವಳೇ ಹೇಳಿದ್ದು. ನೀವಿಬ್ರೂ ಹೊಸಬರು, ಇವತ್ತೇ ನೈಟ್ ಡ್ಯೂಟಿಗೆ ಬಂದಿದೀರಿ. ಹೆದರಿಸೋಕೆ ಹೇಳ್ತಿಲ್ಲ. ಆ ಬಾಗಿಲು ಸ್ವಲ್ಪ ಮುಂದೆ ಮಾಡಿ. ಪೂರ್ತಿ ಬೇಡ... ವಾರ್ಡಲ್ಲಿ ಯಾರಾದ್ರೂ ನರಳಿದ್ರೆ ನಮಗೆ ಕೇಳಿಸ್ಬೇಕು.

ಎರಡು ವರ್ಷದ ಹಿಂದೆ. ಏಪ್ರಿಲ್ ತಿಂಗಳು, ಭದ್ರಾವತಿ. ರಾತ್ರಿ ಒಂಬತ್ತೂ ಮುಕ್ಕಾಲು. ಧನಲಕ್ಷ್ಮಿ ಮಧ್ಯಾಹ್ನದ ಶಿಫ್ಟ್ ಮುಗಿಸಿ ನಡ್ಕೊಂಡು ಮನೆಗೆ ಹೊರಟಿದ್ಲು. ಅವಳು ಆಗ ಅಲ್ಲಿ ಒಂದು ಸಣ್ಣ ಆಸ್ಪತ್ರೇಲಿ ಸ್ಟಾಫ್ ನರ್ಸ್. ಹೆಸರು ಬೇಡ. ದಾರಿ ಹಳೇ ಕ್ವಾರ್ಟರ್ಸ್ ಮಧ್ಯದಲ್ಲಿ ಹೋಗುತ್ತೆ. ಕಾರ್ಖಾನೆ ನಿಂತ ಮೇಲೆ ಅಲ್ಲಿ ಮುಕ್ಕಾಲು ಮನೆ ಖಾಲಿ. ಕಿಟಕಿ, ಬಾಗಿಲು ಎಲ್ಲಾ ಕಿತ್ಕೊಂಡು ಹೋಗಿದಾರೆ. ಬೀದಿ ದೀಪ ಇರೋದು ಮೂಲೆಗೊಂದು. ಆ ಸಾಲು ಮುಗಿಯೋ ಕಡೆ ಒಂದು ಬಾವಿ ಇದೆ. ಈಗ ಯಾರೂ ನೀರು ಸೇದಲ್ಲ, ಮೇಲೆ ಕಬ್ಬಿಣದ ಜಾಲರಿ ಹಾಕಿದಾರೆ.

ಬಾವಿ ಇನ್ನೂ ಹತ್ತು ಹೆಜ್ಜೆ ಇರುವಾಗ ಶಬ್ದ ಕೇಳಿಸ್ತು.

ಕಟಕಟಕಟಕಟ... ನಿಂತು ಹೋಯ್ತು. ಮತ್ತೆ... ಕಟಕಟಕಟಕಟ.

ಜಾಲರಿ ಮೇಲೆ ಹೆಗ್ಗಣ ಓಡ್ತಿರ್ಬೇಕು ಅಂದ್ಕೊಂಡ್ಲು. ಆದ್ರೆ ಕಬ್ಬಿಣದ ಶಬ್ದ ಬೇರೆ. ಇದು ಒಣ ಶಬ್ದ. ಸಣ್ಣದು, ಬೇಗ ಬೇಗ. ಅವಳು ಹನ್ನೊಂದು ವರ್ಷ ನರ್ಸಾಗಿ ಕೆಲಸ ಮಾಡಿದವಳು. ಗೊತ್ತಾಗೋಕೆ ತಡ ಆಗ್ಲಿಲ್ಲ. ಅದು ಹಲ್ಲು... ಚಳಿಜ್ವರ ಬಂದು ಮೈ ನಡುಗುವಾಗ ಹಲ್ಲಿಗೆ ಹಲ್ಲು ಹೊಡ್ಕೊಳ್ಳುತ್ತಲ್ಲ, ಅದು.

ಏಪ್ರಿಲ್ ರಾತ್ರಿ. ಅವಳಿಗೆ ಬೆವರು ಸುರೀತಿತ್ತು.

ಬಾವಿ ಕಟ್ಟೆ ಮೇಲೆ ಒಬ್ಬಳು ಕೂತಿದ್ಲು. ತಲೆಗೆ, ಕಿವಿಗೆ ಬಿಗಿಯಾಗಿ ಬಟ್ಟೆ ಕಟ್ಟಿತ್ತು, ಬಾಣಂತಿಯರಿಗೆ ಕಟ್ತಾರಲ್ಲ ಹಾಗೆ. ಮುಖ ಕಾಣ್ತಿರ್ಲಿಲ್ಲ. ಒಂದು ಕೈ ಮುಂದಕ್ಕೆ ಚಾಚಿದ್ಲು, ಅಂಗೈ ಮೇಲಾಗಿ.

"ಸಿಸ್ಟರ್... ನಾಡಿ ನೋಡ್ತೀರಾ?"

ಪಿಸುಮಾತು. ಧನಲಕ್ಷ್ಮಿಗೆ ಓಡ್ಬೇಕು ಅನ್ನಿಸ್ತು, ಆದ್ರೆ ಕೈ ಮುಂದೆ ಹೋಯ್ತು. ಅಭ್ಯಾಸ ನೋಡಿ. ಯಾರು ಕೈ ಚಾಚಿದ್ರೂ ನಮ್ಮ ಬೆರಳು ತಾನಾಗೇ ಮಣಿಕಟ್ಟಿಗೆ ಹೋಗುತ್ತೆ. ಆ ಕೈ ಒಲೆ ಮೇಲಿನ ಕಾವಲಿ ಹಾಗೆ ಸುಡ್ತಿತ್ತು. ನಾಡಿ ಬೆರಳಡಿ ಓಡ್ತಿತ್ತು, ದಾರದ ಎಳೆ ಹಾಗೆ, ತೆಳ್ಳಗೆ. ಅವಳು ಎಣಿಸಿದ್ಲು. ನೂರು ದಾಟ್ತು. ನೂರಾ ಇಪ್ಪತ್ತು ದಾಟ್ತು...

"ಎಷ್ಟಿದೆ ಸಿಸ್ಟರ್?"

ಧನಲಕ್ಷ್ಮಿ ಅಂದ್ಲು, "ಎಂಬತ್ತೆಂಟು. ನಾರ್ಮಲ್ಲಾಗಿದೆ."

ಹಲ್ಲಿನ ಶಬ್ದ ನಿಂತು ಹೋಯ್ತು. ಆಮೇಲೆ ಆ ಬಟ್ಟೆ ಕಟ್ಟಿದ ತಲೆ ನಿಧಾನಕ್ಕೆ ಅವಳ ಕಡೆ ತಿರುಗ್ತು.

"ನೀವೂನಾ ಸಿಸ್ಟರ್..."

ಧನಲಕ್ಷ್ಮಿ ಚಪ್ಪಲಿ ಅಲ್ಲೇ ಬಿಟ್ಟು ಓಡಿದ್ಲು. ಮನೆ ಸೇರಿ ಬಾಗಿಲು ಹಾಕ್ಕೊಂಡು, ಬೆಳಗಿನ ತನಕ ದೀಪ ಆರಿಸ್ಲಿಲ್ಲ. ಆ ಧ್ವನಿ ಅವಳಿಗೆ ಗೊತ್ತಿತ್ತು. ಅದು ಅಮೂಲ್ಯಳ ಧ್ವನಿ. ಆ ಹುಡುಗಿಯನ್ನ ಮಣ್ಣು ಮಾಡಿ ಆಗ ಒಂಬತ್ತು ದಿನ ಆಗಿತ್ತು.

ಈಗ ಎಂಬತ್ತೆಂಟು ಯಾಕೆ ಅಂತ ಹೇಳ್ತೀನಿ.

ಧನಲಕ್ಷ್ಮಿ ಆಸ್ಪತ್ರೇಲಿ ಇನ್‌ಚಾರ್ಜ್ ಸಿಸ್ಟರ್ ಪುಷ್ಪಮ್ಮ. ಐವತ್ತೈದು ದಾಟಿದ ಹೆಂಗಸು. ಧನಲಕ್ಷ್ಮಿ ಕೆಲಸಕ್ಕೆ ಸೇರಿದಾಗ ಡ್ರಿಪ್ಪಿನ ಸೂಜಿ ಹಾಕೋಕೂ ಬರ್ತಿರ್ಲಿಲ್ಲವಂತೆ. ಕೈ ಹಿಡಿದು ಕಲಿಸಿದ್ದು ಪುಷ್ಪಮ್ಮ. ಧನಲಕ್ಷ್ಮಿ ಅಪ್ಪ ತೀರ್ಕೊಂಡಾಗ ಹದಿನೈದು ದಿನ ಇವಳ ಡ್ಯೂಟಿನೂ ತಾನೇ ಮಾಡಿದ್ದು ಪುಷ್ಪಮ್ಮ. "ಮಗಳೇ" ಅಂತಲೇ ಕರೀತಿದ್ಲು. ಇವಳು "ಅಮ್ಮ" ಅಂತಿದ್ಲು. ಬಾಯಿಮಾತಿಗಲ್ಲ. ಹಾಗೇ ನಡ್ಕೊಂಡೋರು.

ಅದರ ಹಿಂದಿನ ವರ್ಷ ಇಬ್ರಿಗೂ ಶಿವಮೊಗ್ಗದಲ್ಲಿ ಮೂರು ದಿನ ಟ್ರೇನಿಂಗ್ ಆಯ್ತು. ನಿಮಗೂ ಆಗಿದೆಯಲ್ಲ, ಅದೇ. ಹೆರಿಗೆ ಆದ ಮೇಲೆ ನಂಜು ರಕ್ತಕ್ಕೆ ಏರೋದು. ನಮ್ಮ ಅಜ್ಜಿಯರು ಅದನ್ನೇ ಬಾಣಂತಿ ಸನ್ನಿ ಅಂತಿದ್ರು. ದೊಡ್ಡ ಮೆಷಿನ್ ಇಲ್ದಿದ್ರೂ ಆ ನಂಜನ್ನ ಹಿಡೀಬಹುದು ಅಂತ ಅಲ್ಲಿ ಹೇಳಿಕೊಟ್ರು. ಜ್ವರ, ನಾಡಿ, ಬಿಪಿ, ಉಸಿರು, ಮೂತ್ರ... ಇಷ್ಟನ್ನ ಚಾರ್ಟಲ್ಲಿ ಬರೀಬೇಕು. ಕೆಂಪು ಗೆರೆ ದಾಟಿದ್ರೆ ಯಾರನ್ನೂ ಕಾಯೋ ಹಾಗಿಲ್ಲ. ಡ್ರಿಪ್ ಹಾಕಿ, ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಇಂಜೆಕ್ಷನ್ ಕೊಡ್ಬೇಕು. ನಂಜು ಎಲ್ಲಿಂದ ಬಂತು ನೋಡ್ಬೇಕು, ಅರ್ಧ ಗಂಟೆಗೊಮ್ಮೆ ಮತ್ತೆ ಅಳೀಬೇಕು, ದೊಡ್ಡ ಆಸ್ಪತ್ರೆಗೆ ಕಳಿಸೋಕೆ ಗಾಡಿ ಕರೀಬೇಕು. ಇಷ್ಟೇ. ಇಷ್ಟಕ್ಕೇ ಎಷ್ಟೋ ಜೀವ ಉಳಿಯುತ್ತೆ.

ವಾಪಸ್ ಬರುವಾಗ ಬಸ್ಸಲ್ಲಿ ಪುಷ್ಪಮ್ಮ, ನಮ್ಮ ವಾರ್ಡಲ್ಲೂ ಒಂದು ಪೆಟ್ಟಿಗೆ ಮಾಡೋಣ ಅಂದ್ಲಂತೆ. ಮಾರನೇ ದಿನವೇ ಇಬ್ರೂ ಸೇರಿ ಮಾಡಿದ್ರು. ಒಬ್ಬ ಬಾಣಂತಿಗೆ ಬೇಕಾಗೋ ಇಂಜೆಕ್ಷನ್, ಡ್ರಿಪ್ ಬಾಟ್ಲಿ, ಸೂಜಿ, ಟ್ಯೂಬು ಎಲ್ಲಾ ಒಂದೇ ಹಳದಿ ಡಬ್ಬಿಯೊಳಗೆ. ಬೀರುವಲ್ಲಿಟ್ಟು ಬೀಗ ಹಾಕಿದ್ರು. ಬೀಗದ ಕೈ ಪುಷ್ಪಮ್ಮನ ಹತ್ರ. ಪ್ರತಿ ಸೋಮವಾರ ಡಬ್ಬಿ ತೆಗೆದು ನೋಡಿ, "ಎಲ್ಲಾ ಸರಿ ಇದೆ" ಅಂತ ಪುಸ್ತಕದಲ್ಲಿ ಇಬ್ರೂ ಸೈನ್ ಮಾಡ್ಬೇಕು. ಮೊದಮೊದಲು ಇಬ್ರೂ ನೋಡ್ತಿದ್ರು. ಆಮೇಲಾಮೇಲೆ ಪುಷ್ಪಮ್ಮ, ನಾನು ನೋಡಿದೀನಿ, ನೀನು ಸೈನ್ ಮಾಡು ಅನ್ನೋಳು. ಇವಳು ಮಾಡೋಳು. ತಾಯಿ ಹಾಕಿದ ಅನ್ನನ ಯಾರಾದ್ರೂ ಎಣಿಸಿ ತಿಂತಾರಾ?

ಅಮೂಲ್ಯ ಚೊಚ್ಚಲ ಹೆರಿಗೆಗೆ ಬಂದವಳು. ಇಪ್ಪತ್ಮೂರು ವರ್ಷ. ಗಂಡ ಹಾಲೇಶ್, ಲಗೇಜ್ ಆಟೋ ಓಡಿಸ್ತಾನೆ. ಹೆರಿಗೆ ಸುಸೂತ್ರ ಆಯ್ತು, ಹೆಣ್ಣು ಮಗು. ಮೂರನೇ ಮಂಚ. ನಾಳೆ ಮನೆಗೆ ಕಳಿಸೋದು ಅಂತ ಇತ್ತು. ಹಾಲೇಶ್ ಅವತ್ತು ಸಂಜೆ ಬಂದು, ಮನೇಲಿ ತೊಟ್ಟಿಲಿಗೆ ಹಗ್ಗ ಕಟ್ಟಿದೀನಿ ಅಂತ ಹೇಳಿ ಹೋಗಿದ್ದ.

ರಾತ್ರಿ ಹತ್ತೂವರೆಗೆ ಅಮೂಲ್ಯ ಚಳಿ ಅಂದ್ಲು. ಧನಲಕ್ಷ್ಮಿ ನೈಟ್ ಡ್ಯೂಟೀಲಿದ್ಲು. ಎರಡು ಕಂಬಳಿ ಹೊದಿಸಿದ್ರೂ ಮಂಚ ಅಲ್ಲಾಡೋ ಹಾಗೆ ನಡುಗ್ತಿತ್ತು ಮೈ. ಹತ್ತೂ ನಲವತ್ತಕ್ಕೆ ನೋಡಿದ್ರೆ ಜ್ವರ ನೂರಾ ಮೂರು. ನಾಡಿ ನೂರಾ ಇಪ್ಪತ್ತೆಂಟು. ಬಿಪಿ ಇಳಿದಿದೆ. ಉಸಿರು ನಿಮಿಷಕ್ಕೆ ಇಪ್ಪತ್ತೆಂಟು. ಕಿಬ್ಬೊಟ್ಟೆ ಮುಟ್ಟಿದ್ರೆ ಕಿರುಚ್ತಾಳೆ. ಚಾರ್ಟಲ್ಲಿ ಮೂರು ಕಡೆ ಕೆಂಪು.

ಧನಲಕ್ಷ್ಮಿ ಡಾಕ್ಟರಿಗೆ ಫೋನ್ ಮಾಡಿದ್ಲು. ಇಡೀ ಆಸ್ಪತ್ರೆಗೆ ಅವರೊಬ್ರೇ, ರಾತ್ರಿ ಮನೇಲಿರ್ತಾರೆ. ಎರಡು ಸಲ ಎತ್ಲಿಲ್ಲ. ಮೂರನೇ ಸಲ ಎತ್ತಿ, ಎದೆಹಾಲು ಕಟ್ಟಿರುತ್ತೆ, ಜ್ವರದ ಮಾತ್ರೆ ಕೊಡಿ, ಬೆಳಿಗ್ಗೆ ನೋಡೋಣ ಅಂದ್ರು. ಶಿವಮೊಗ್ಗಕ್ಕೆ ಕಳಿಸ್ಲಾ ಅಂತ ಕೇಳಿದ್ದಕ್ಕೆ, ಈ ತಿಂಗಳು ಆಗಲೇ ಇಬ್ರನ್ನ ಕಳಿಸಿ ಬೈಸ್ಕೊಂಡಿದೀನಿ, ಸುಮ್ನಿರಿ ಅಂದು ಇಟ್ರು.

ಡ್ರಿಪ್ ಬಾಟ್ಲಿ ಒಂದು ವಾರ್ಡಲ್ಲಿತ್ತು. ಅದನ್ನ ಹಾಕಿದ್ಲು. ಇಂಜೆಕ್ಷನ್ ಬೇಕಿತ್ತು. ಪುಷ್ಪಮ್ಮನೂ ಅವತ್ತು ನೈಟ್. ಪಕ್ಕದ ಕೋಣೇಲಿ ಮಲಗಿದ್ಲು. ಹೋಗಿ ಎಬ್ಬಿಸಿ ಬೀಗದ ಕೈ ಕೇಳಿದ್ಲು.

ಪುಷ್ಪಮ್ಮ ಎದ್ದು ಕೂತಳು. ಕೊಡ್ಲಿಲ್ಲ. ಡಾಕ್ಟರ್ ಹೇಳದೆ ಕೊಟ್ರೆ ನಾಳೆ ನಿನ್ನ ತಲೆಗೆ ಬರುತ್ತೆ, ಮಾತ್ರೆಗೆ ಇಳಿಯುತ್ತೆ, ನೋಡು ಅಂದ್ಲು. ಧನಲಕ್ಷ್ಮಿ ಹನ್ನೊಂದೂ ಹತ್ತಕ್ಕೆ ಮತ್ತೆ ನಾಡಿ ನೋಡಿ ಬಂದು ಕೇಳಿದ್ಲು. ಹನ್ನೊಂದೂ ನಲವತ್ತಕ್ಕೆ ಮತ್ತೆ ಕೇಳಿದ್ಲು. ಪುಷ್ಪಮ್ಮ ಗೋಡೆ ಕಡೆ ತಿರುಗಿ ಮಲಗಿದ್ಲಂತೆ. ಕಣ್ಣು ಮಾತ್ರ ಬಿಟ್ಟೇ ಇತ್ತು. ಅದೇ ನನಗೆ ಅರ್ಥ ಆಗ್ಲಿಲ್ಲ ಅಕ್ಕ, ನಿದ್ದೆ ಮಾಡ್ತಿಲ್ಲ, ಏಳ್ತಾನೂ ಇಲ್ಲ ಅಂತ ನನ್ನ ಹತ್ರ ಹೇಳಿದ್ಲು ಧನಲಕ್ಷ್ಮಿ.

ಇತ್ತ ಅಮೂಲ್ಯಗೆ ಮಾತು ತೊದಲ್ತಿತ್ತು. ಅವಳ ಅಮ್ಮ ಮಗೂನ ಎತ್ಕೊಂಡು ಮೂಲೇಲಿ ನಿಂತಿದ್ಲು. ಅಮೂಲ್ಯ ಧನಲಕ್ಷ್ಮಿ ಕೈ ಹಿಡ್ಕೊಂಡು ಕೇಳಿದ್ಲು.

"ನಂಗೇನಾಗ್ತಿದೆ ಸಿಸ್ಟರ್? ನೀವಾದ್ರೂ ನಿಜ ಹೇಳಿ."

"ಏನೂ ಆಗಲ್ಲ. ನಾನಿದೀನಿ" ಅಂದ್ಲು ಇವಳು.

ನಾವೆಲ್ಲ ದಿನಾ ಅನ್ನೋ ಮಾತು... ಆ ಹುಡುಗಿ ಅದನ್ನ ನಂಬಿದ್ಲು. ಕೈ ಸಡಿಲ ಬಿಟ್ಟು ಕಣ್ಣು ಮುಚ್ಚಿದ್ಲು.

ಹನ್ನೆರಡೂ ಮುಕ್ಕಾಲಿಗೆ ಧನಲಕ್ಷ್ಮಿ ಆಕ್ಸಿಜನ್ ಸಿಲಿಂಡರ್ ತಿರುಗಿಸೋ ಸ್ಪ್ಯಾನರ್ ತಗೊಂಡು ಬೀರುವಿನ ಬೀಗ ಒಡೆದಳು. ಠಣ್... ಠಣ್... ಠಣ್. ಮೂರನೇ ಏಟಿಗೆ ಬಿತ್ತು. ಹಳದಿ ಡಬ್ಬಿ ತೆಗೆದಳು.

ಒಳಗೆ ಇಂಜೆಕ್ಷನ್ ಇರ್ಲಿಲ್ಲ. ಹತ್ತಿ, ಖಾಲಿ ಸಿರಿಂಜು, ಎರಡು ಟ್ಯೂಬು. ಅಷ್ಟೇ.

ತಿರುಗಿದ್ರೆ ಪುಷ್ಪಮ್ಮ ಬಾಗಿಲಲ್ಲಿ ನಿಂತಿದ್ಲು. ಜನವರೀಲಿ ಯಾರಿಗೋ ಬೇಕಾಯ್ತು ಅಂತ ತೆಗೆದೆ, ಸ್ಟೋರಿಂದ ಮತ್ತೆ ಬರ್ಲಿಲ್ಲ, ಕೇಳಿದ್ರೆ ಬೈತಾರೆ ಅಂತ ಸುಮ್ಮನಾದೆ ಅಂದ್ಲು. ಮೂರು ತಿಂಗಳು. ಹದಿಮೂರು ಸೋಮವಾರ. ಪುಸ್ತಕದಲ್ಲಿ ಹದಿಮೂರು ಕಡೆ "ಎಲ್ಲಾ ಸರಿ ಇದೆ". ಕೆಳಗೆ ಎರಡು ಸೈನ್. ಒಂದು ಧನಲಕ್ಷ್ಮಿದೇ.

ಆಂಬುಲೆನ್ಸಿಗೆ ಫೋನ್ ಮಾಡಿದ್ರೆ ಇದ್ದ ಗಾಡಿ ತರೀಕೆರೆ ಕಡೆ ಹೋಗಿತ್ತು. ಬಂದಾಗ ಎರಡಕ್ಕೆ ಹತ್ತು ನಿಮಿಷ ಇತ್ತು. ಧನಲಕ್ಷ್ಮಿ ಜೊತೇಲೇ ಹತ್ತಿದ್ಲು. ಶಿವಮೊಗ್ಗ ಮುಟ್ಟಿದಾಗ ಎರಡೂ ಮುಕ್ಕಾಲು. ನಮ್ಮ ಈ ಆಸ್ಪತ್ರೆಯೋರು ಗಾಡಿ ಬಾಗಿಲಲ್ಲೇ ಎತ್ಕೊಂಡು ಒಳಗೆ ಓಡಿದ್ರಂತೆ. ಇವಳನ್ನ ಹೊರಗೇ ನಿಲ್ಲಿಸಿದ್ರು. ಬೆಳಗಿನ ಜಾವ ನಾಲ್ಕೂ ಇಪ್ಪತ್ತಕ್ಕೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್ ಹೊರಗೆ ಬಂದ್ರು. ಇವಳ ಮೇಲಿನ ಯೂನಿಫಾರ್ಮ್ ನೋಡಿದ್ರು. ಮೊದಲ ಇಂಜೆಕ್ಷನ್ ಎಷ್ಟು ಗಂಟೆಗೆ ಕೊಟ್ರಿ ಅಂತ ಕೇಳಿದ್ರು. ಇವಳು ತಲೆ ತಗ್ಗಿಸಿದ್ಲು. ಅವರು, ಈಗ ತಾನೇ ಹೋಗ್ಬಿಟ್ರು ಅಂದ್ರು.

ಬೆಳಿಗ್ಗೆ ಭದ್ರಾವತಿಗೆ ವಾಪಸ್ ಬಂದ್ರೆ ಪುಷ್ಪಮ್ಮ ಸ್ಟೋರ್ ರೂಮಿಗೆ ಕರೆದಳು. ಮೇಜಿನ ಮೇಲೆ ಹೊಸ ಚಾರ್ಟ್ ಇತ್ತು. ಪುಷ್ಪಮ್ಮನದೇ ಅಕ್ಷರ. ಹತ್ತೂ ನಲವತ್ತು... ಜ್ವರ ಇಲ್ಲ, ನಾಡಿ ಎಂಬತ್ತೆಂಟು. ಹನ್ನೊಂದೂ ಹತ್ತು... ಎಂಬತ್ತೆಂಟು. ಹನ್ನೊಂದೂ ನಲವತ್ತು, ಹನ್ನೆರಡೂ ಹತ್ತು... ಎಂಬತ್ತೆಂಟು, ಎಂಬತ್ತೆಂಟು. ಹನ್ನೆರಡೂವರೆ ಮೇಲೆ ಇದ್ದಕ್ಕಿದ್ದ ಹಾಗೆ ಜ್ವರ ಏರಿದೆ ಅಂತ ಬರೆದಿದ್ಲು. ಧನಲಕ್ಷ್ಮಿ ಬರೆದಿದ್ದ ಹಳೇ ಚಾರ್ಟ್ ನಾಲ್ಕು ಮಡಿಕೆಯಾಗಿ ಪುಷ್ಪಮ್ಮನ ಕೈಲಿತ್ತು.

"ಸೈನ್ ಮಾಡು ಮಗಳೇ. ಬೀಗ ಒಡೆದವಳು ನೀನು. ಡಬ್ಬಿ ಪುಸ್ತಕದಲ್ಲಿ ಸೈನ್ ಮಾಡಿದವಳೂ ನೀನು. ನಂಗೆ ರಿಟೈರ್ ಆಗೋಕೆ ಇನ್ನು ಎರಡೇ ವರ್ಷ."

ಧಮಕಿ ಹಾಕೋ ಥರ ಅನ್ಲಿಲ್ಲ ಅಂತೆ. ತಲೆ ಸವರ್ತಾ ಅಂದಿದ್ದು.

ಇವಳು ಸೈನ್ ಮಾಡಿದ್ಲು.

ಆಮೇಲೆ ಒಂಬತ್ತನೇ ದಿನ ಬಾವಿ ಹತ್ರ ಆಗಿದ್ದು ಹೇಳಿದೆನಲ್ಲ. ಅಲ್ಲಿಗೇ ಮುಗೀಲಿಲ್ಲ.

ಧನಲಕ್ಷ್ಮಿ ದಾರಿ ಬದಲಾಯಿಸಿದ್ಲು. ದೊಡ್ಡ ರಸ್ತೆ ಸುತ್ತಿ, ಆಟೋ ಹಿಡ್ದು ಮನೆಗೆ ಹೋಗೋಳು. ಎರಡು ರಾತ್ರಿ ಏನೂ ಇಲ್ಲ. ಮೂರನೇ ರಾತ್ರಿ ನೈಟ್ ಡ್ಯೂಟಿ. ಎರಡು ಗಂಟೆ ಹೊತ್ತು. ವಾರ್ಡಲ್ಲಿ ನಾಲ್ಕು ಜನ ಬಾಣಂತಿಯರು, ಎಲ್ಲಾ ನಿದ್ದೆ. ಮೂರನೇ ಮಂಚ ಖಾಲಿ ಇತ್ತು. ಇವಳು ಮೇಜಿನ ಹತ್ರ ಕೂತು ಬರೀತಿದ್ಲು.

ಕಟಕಟಕಟಕಟ...

ಪೆನ್ನು ನಿಲ್ಲಿಸಿದ್ಲು. ಫ್ಯಾನ್ ಗರ್... ಅಂತ ತಿರುಗ್ತಿತ್ತು. ಎಲ್ಲೋ ಒಂದು ಮಗು ಚೀಪೋ ಶಬ್ದ. ಅದರ ನಡುವೆ ಸ್ಪಷ್ಟವಾಗಿ... ಕಟಕಟಕಟ. ಖಾಲಿ ಮಂಚದಿಂದ. ಅದರ ಕಬ್ಬಿಣದ ಕಾಲು ನೆಲದ ಮೇಲೆ ಟಿಕ್ ಟಿಕ್ ಟಿಕ್ ಅಂತ ಸಣ್ಣಗೆ ಕುಣೀತಿತ್ತು. ಮಲಗಿದವರಲ್ಲಿ ಒಬ್ಬಳು ನಿದ್ದೆಗಣ್ಣಲ್ಲೇ, ಆ ಅಕ್ಕಂಗೆ ಇನ್ನೊಂದು ಕಂಬಳಿ ಕೊಡಿ ಸಿಸ್ಟರ್ ಅಂದು ಮಗ್ಗುಲಾದಳು.

ಧನಲಕ್ಷ್ಮಿ ಬೆಳಿಗ್ಗೆ ಮನೆಗೆ ಹೋಗ್ಲಿಲ್ಲ. ನೇರ ಬಸ್ ಹತ್ತಿ ಶಿವಮೊಗ್ಗಕ್ಕೆ ಬಂದ್ಲು. ರಾಗಿಗುಡ್ಡದಲ್ಲಿ ನಮ್ಮನೆ. ನಾನು ದೋಸೆ ಹಾಕ್ತಿದ್ದೆ. ಬಂದು ಗೋಡೆಗೆ ಒರಗಿ ಕೂತಳು. ಹೇಳೋಕೆ ಶುರು ಮಾಡಿದ್ಲು. ದೋಸೆ ಕರಕಲಾದ್ದು ನಂಗೆ ಗೊತ್ತಾಗ್ಲಿಲ್ಲ.

ನಾನು ದೆವ್ವದ ಮಾತಿಗೆ ಏನೂ ಅನ್ಲಿಲ್ಲ. ಚಾರ್ಟಿನ ಮಾತಿಗೆ ಮಾತ್ರ ಒಂದು ಹೇಳಿದೆ. ಬಾಣಂತಿ ಸತ್ರೆ ಜಿಲ್ಲೇಲಿ ಮೀಟಿಂಗ್ ಮಾಡ್ತಾರೆ, ಯಾಕೆ ಸತ್ಲು ಅಂತ ಎಲ್ಲರನ್ನೂ ಕೂರಿಸಿ ಕೇಳ್ತಾರೆ. ಅಲ್ಲಿ ಹೇಳು ಅಂದೆ. ಅವಳು, ಪುಷ್ಪಮ್ಮನೂ ಬರ್ತಾಳೆ ಅಕ್ಕ ಅಂದ್ಲು. ಆಗಲೂ ಅವಳಿಗೆ ಅದೇ ಚಿಂತೆ. ಅಮ್ಮನ ಎದುರು ಹೇಗೆ ಹೇಳೋದು ಅಂತ.

ಮೇ ಕೊನೇಲಿ ಮೀಟಿಂಗ್ ಆಯ್ತು. ಉದ್ದ ಮೇಜು, ಎಂಟು ಹತ್ತು ಜನ. ಡಾಕ್ಟರ್, ಪುಷ್ಪಮ್ಮ, ಧನಲಕ್ಷ್ಮಿ. ಹಾಲೇಶನ್ನೂ ಕರೆದಿದ್ರು. ಮೊದಲು ಅವನನ್ನ ಎರಡು ಮಾತು ಕೇಳಿ ಹೊರಗೆ ಕಳಿಸಿದ್ರು. ಆಮೇಲೆ ಚಾರ್ಟ್ ಓದಿದ್ರು. ಎಂಬತ್ತೆಂಟು, ಎಂಬತ್ತೆಂಟು ಅಂತ.

ಧನಲಕ್ಷ್ಮಿ ಎದ್ದು ನಿಂತಳು. ಈ ಚಾರ್ಟ್ ಸುಳ್ಳು, ಗೊತ್ತಿದ್ದೂ ನಾನು ಸೈನ್ ಮಾಡಿದೀನಿ ಅಂದ್ಲು. ನಿಜವಾದ ನಂಬರ್ ಹೇಳಿದ್ಲು. ಡಬ್ಬಿ ಖಾಲಿ ಇದ್ದಿದ್ದು, ಹದಿಮೂರು ಸೋಮವಾರ ನೋಡದೇ ಸೈನ್ ಮಾಡಿದ್ದು, ಎಲ್ಲಾ ಹೇಳಿದ್ಲು. ತನ್ನ ತಪ್ಪನ್ನೇ ಮೊದಲು ಹೇಳಿದ್ಲು.

ಅಧಿಕಾರಿಗಳು ಪುಷ್ಪಮ್ಮನ ಕಡೆ ನೋಡಿದ್ರು.

ಪುಷ್ಪಮ್ಮ ಸೆರಗಲ್ಲಿ ಕಣ್ಣೊರೆಸ್ಕೊಂಡು ಹೇಳಿದ್ಲು.

"ಮಗಳ ಹಾಗೆ ಸಾಕಿದೆ ಸಾರ್. ಬೀಗ ಒಡೆದು ಇಂಜೆಕ್ಷನ್ ತೆಗೆದಿದ್ದು ಅವಳೇ. ಆ ರಾತ್ರಿ ನನ್ನನ್ನ ಒಂದು ಸಲನೂ ಎಬ್ಬಿಸಿಲ್ಲ."

ಡಾಕ್ಟರ್ ತಮ್ಮ ಫೋನನ್ನ ಮೇಜಿನ ಮೇಲೆ ಮಗುಚಿಟ್ಟು, ಆ ರಾತ್ರಿ ನನಗೆ ಕಾಲ್ ಬಂದ ನೆನಪಿಲ್ಲ ಅಂದ್ರು. ಧನಲಕ್ಷ್ಮಿ ತನ್ನ ಫೋನಲ್ಲಿದ್ದ ಕಾಲ್ ತೋರಿಸಿದ್ಲು. ಏನು ಮಾತಾಡಿದ್ರು ಅನ್ನೋದಕ್ಕೆ ಸಾಕ್ಷಿ ಏನು ಅಂತ ಅಧಿಕಾರಿಗಳು ಕೇಳಿದ್ರು. ಪುಷ್ಪಮ್ಮ ಒಂದು ಸಲನೂ ಇವಳ ಮುಖ ನೋಡ್ಲಿಲ್ಲ ಅಂತೆ. ಮೀಟಿಂಗ್ ಮುಗಿದ ಮೇಲೆ ಬಸ್‌ಸ್ಟ್ಯಾಂಡಲ್ಲಿ ಎದುರು ಸಿಕ್ಕಾಗ ಮಾತ್ರ, ಊಟ ಮಾಡಿದ್ಯಾ ಅಂತ ಕೇಳಿದ್ಲಂತೆ. ಎಂದಿನ ಹಾಗೇ.

ಅದನ್ನ ಹೇಳುವಾಗ ಧನಲಕ್ಷ್ಮಿ ಅತ್ತಿದ್ದು. ದೆವ್ವದ ಮಾತಿಗೆ ಅತ್ತಿರ್ಲಿಲ್ಲ.

ಮೀಟಿಂಗ್ ಆದ ದಿನವೇ ರಾತ್ರಿ ಅವಳು ಬೇಕು ಅಂತಲೇ ಬಾವಿ ದಾರೀಲಿ ಹೋದ್ಲು. ನಂಗೆ ಹೇಳದೆ. ಹೇಳಿದ್ರೆ ಬಿಡ್ತಿರ್ಲಿಲ್ಲ. ಹೊಸ ಮಳೆ ಬಿದ್ದು ಮಣ್ಣು ಹಸಿ ಇತ್ತಂತೆ. ಬಾವಿ ಒಳಗೆ ಕಪ್ಪೆ ಕೂಗ್ತಿತ್ತು. ಇವಳು ಕಟ್ಟೆ ಹತ್ರ ಬರ್ತಿದ್ದ ಹಾಗೆ ಕಪ್ಪೆ ಕೂಗೋದು ನಿಂತಿತು.

ಕಟಕಟಕಟಕಟ...

ಕೈ ಚಾಚಿತ್ತು. ಅದೇ ಕೈ.

ಧನಲಕ್ಷ್ಮಿ ಪಕ್ಕದಲ್ಲಿ ಕೂತಳು. ಮಣಿಕಟ್ಟಿಗೆ ಮೂರು ಬೆರಳಿಟ್ಟು, ಇನ್ನೊಂದು ಕೈಯಲ್ಲಿ ವಾಚ್ ಹಿಡಿದು, ಪೂರ್ತಿ ಒಂದು ನಿಮಿಷ ಎಣಿಸಿದ್ಲು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸ್ಲಿಲ್ಲ. ಬಾಯಿಬಿಟ್ಟು ಒಂದೊಂದೇ ಎಣಿಸಿದ್ಲು.

"ನೂರಾ ನಲವತ್ತು" ಅಂದ್ಲು. "ನಂಜು ಏರಿದೆ ಅಮೂಲ್ಯ. ಡಬ್ಬೀಲಿ ಔಷಧ ಇರ್ಲಿಲ್ಲ. ಇದೆಯೋ ಇಲ್ವೋ ಅಂತ ನಾನು ನೋಡಿರ್ಲಿಲ್ಲ."

ಬೆರಳ ಕೆಳಗೆ ಆ ಸುಡೋ ಕೈ ನಿಧಾನಕ್ಕೆ ಬೆಚ್ಚಗಾಯ್ತು... ಆಮೇಲೆ ತಣ್ಣಗಾಯ್ತು... ಆಮೇಲೆ ಕೈ ಇರ್ಲಿಲ್ಲ. ಇವಳ ಬೆರಳು ಕಲ್ಲಿನ ಮೇಲಿತ್ತು. ಬಾವಿ ಒಳಗೆ ಒಂದು ಕಪ್ಪೆ ಕೂಗ್ತು. ಆಮೇಲೆ ಇನ್ನೊಂದು.

ಅವತ್ತಿಂದ ಹಲ್ಲಿನ ಶಬ್ದ ಅವಳಿಗೆ ಕೇಳಿಸಿಲ್ಲ.

ಮೀಟಿಂಗಿನ ವರದಿ ಜುಲೈಯಲ್ಲಿ ಬಂತು. ಅಪಾಯದ ಲಕ್ಷಣ ಗುರುತಿಸೋದ್ರಲ್ಲಿ ಡ್ಯೂಟಿ ನರ್ಸ್ ತಡ ಮಾಡಿದಾರೆ ಅಂತ ಇತ್ತು. ಧನಲಕ್ಷ್ಮಿದು ಕಾಂಟ್ರಾಕ್ಟ್ ಕೆಲಸ. ಮುಂದುವರಿಸ್ಲಿಲ್ಲ. ವರದಿ ಕೆಳಗೆ ಇನ್ನೂ ಕೆಲವು ಮಾತಿತ್ತು. ಔಷಧದ ಡಬ್ಬಿಗೆ ಬೀಗ ಹಾಕಬಾರದು. ಡಬ್ಬಿ ತೆಗೆದು ಒಳಗಿನದರ ಫೋಟೋ ಪ್ರತಿ ವಾರ ಕಳಿಸ್ಬೇಕು. ಚಾರ್ಟ್ ಕೆಂಪಾದ್ರೆ ನರ್ಸೇ ಮೊದಲ ಇಂಜೆಕ್ಷನ್ ಕೊಡಬಹುದು, ಆ ನಿಮಿಷವೇ ಚಾರ್ಟಿನ ಫೋಟೋ ಶಿವಮೊಗ್ಗಕ್ಕೆ ಹೋಗ್ಬೇಕು. ಅವಳು ಮೀಟಿಂಗಲ್ಲಿ ಹೇಳಿದ ಒಂದೊಂದು ಮಾತೂ ಅಲ್ಲಿತ್ತು. ಅವಳ ಹೆಸರು ಮಾತ್ರ ತಪ್ಪಿನ ಪಕ್ಕದಲ್ಲಿತ್ತು.

ಚಳಿಗಾಲದಲ್ಲಿ ಅದೇ ವಾರ್ಡಲ್ಲಿ ಇನ್ನೊಬ್ಬ ಬಾಣಂತಿಗೆ ಚಳಿಜ್ವರ ಬಂತಂತೆ. ಇಪ್ಪತ್ತೇ ನಿಮಿಷದಲ್ಲಿ ಇಂಜೆಕ್ಷನ್ ಬಿತ್ತು. ಬದುಕಿದ್ಲು. ಇಂಜೆಕ್ಷನ್ ಕೊಟ್ಟಿದ್ದು ಪುಷ್ಪಮ್ಮ. ಅವಳಿಗೆ ಶಾಲು ಹೊದಿಸಿದ್ರು. ಆ ಫೋಟೋ ನಮ್ಮ ನರ್ಸ್‌ಗಳ ಗ್ರೂಪಲ್ಲೂ ಬಂತು. ಧನಲಕ್ಷ್ಮಿ ನೋಡಿ, ಬದುಕಿದ್ಲಲ್ಲ, ಸಾಕು ಅಂದ್ಲು. ಆಮೇಲೆ ಗ್ರೂಪಿಂದ ಹೊರಗೆ ಹೋದ್ಲು. ಈಗ ಇಲ್ಲೇ ಒಂದು ಲ್ಯಾಬಲ್ಲಿ ರಕ್ತ ತೆಗೆಯೋ ಕೆಲಸ ಮಾಡ್ತಾಳೆ.

ಇನ್ನೊಂದು ಹೇಳ್ಬೇಕು. ಇದನ್ನ ನಾನೇ ಕಣ್ಣಾರೆ ನೋಡಿದ್ದು.

ಈ ವರ್ಷ ಫೆಬ್ರವರೀಲಿ ಹಾಲೇಶ್ ನಮ್ಮ ಆಸ್ಪತ್ರೆಗೆ ಮಗೂನ ತೋರಿಸೋಕೆ ಬಂದಿದ್ದ. ಮಗುಗೆ ಕೆಮ್ಮು. ಧನಲಕ್ಷ್ಮಿ ನನ್ನ ತಂಗಿ ಅಂತ ಯಾರೋ ಹೇಳಿದ್ರಂತೆ. ಸಂಕೋಚದಿಂದ ಬಂದು ನಿಂತ. ಆ ಸಿಸ್ಟರಿಗೆ ಒಂದು ಥ್ಯಾಂಕ್ಸ್ ಹೇಳಿ, ಕೊನೇ ತನಕ ನನ್ನ ಹೆಂಡತಿ ಜೊತೆ ಇದ್ರು ಅಂದ. ಇವನಿಗಾದ್ರೂ ಗೊತ್ತಲ್ಲ ಅಂತ ನಂಗೆ ಕಣ್ಣು ತುಂಬ್ತು. ನಿನಗೆ ಹೇಗೆ ಗೊತ್ತು ಅಂತ ಕೇಳಿದೆ. ಕೈ ಮೇಲೆ ಬರೆದಿದ್ರಲ್ಲ ಅಂದ.

ಫೋನ್ ತೆಗೆದು ತೋರಿಸಿದ. ಮಣ್ಣಿಗೆ ಒಯ್ಯೋ ಮುಂಚೆ ಅಮೂಲ್ಯಳ ಮೈ ತೊಳೆದ ಹೆಂಗಸರು ಅವನನ್ನ ಕರೆದು, ಇದು ಹೋಗ್ತಿಲ್ಲ ನೋಡು ಅಂದಿದ್ರಂತೆ. ಆಗ ತೆಗೆದ ಫೋಟೋ. ಎಡಗೈ. ಅಂಗೈಯಿಂದ ಮೊಣಕೈ ತನಕ ನೀಲಿ ಪೆನ್ನಲ್ಲಿ ಸಣ್ಣಗೆ ಸಾಲು ಸಾಲಾಗಿ ಬರೆದಿತ್ತು. ಹತ್ತೂ ನಲವತ್ತು, ನೂರಾ ಇಪ್ಪತ್ತೆಂಟು. ಹನ್ನೊಂದೂ ಹತ್ತು, ನೂರಾ ಮೂವತ್ತೆರಡು. ಹೀಗೇ ಬೆಳಗಿನ ಜಾವದ ತನಕ ಅರ್ಧ ಗಂಟೆಗೊಂದು ಸಾಲು. ಧನಲಕ್ಷ್ಮಿ ಅಕ್ಷರ ನಂಗೆ ಚಿಕ್ಕಂದಿನಿಂದ ಗೊತ್ತು. ಅವಳದೇ ಅಕ್ಷರ. ಮೀಟಿಂಗಲ್ಲಿ ಯಾಕಪ್ಪ ತೋರಿಸ್ಲಿಲ್ಲ ಅಂದೆ. ಯಾರೂ ಕೇಳ್ಲಿಲ್ಲ ಅಕ್ಕ, ಆಸ್ಪತ್ರೇಲಿ ಹೀಗೇ ಬರೀತಾರೇನೋ ಅಂದ್ಕೊಂಡೆ ಅಂದ.

ಆ ಫೋಟೋ ತಂದು ಧನಲಕ್ಷ್ಮಿಗೆ ತೋರಿಸಿದೆ. ಅವಳು ದೊಡ್ಡದು ಮಾಡಿ ಒಂದೊಂದೇ ಸಾಲು ಓದಿದ್ಲು. ಮೇಲಿನ ನಂಬರ್ ಎಲ್ಲಾ ಸರಿ ಇದೆ, ಆ ಹಳೇ ಚಾರ್ಟಲ್ಲಿ ಇದ್ದದ್ದೇ ಅಂದ್ಲು. ಆದ್ರೆ ನಾನು ಅವಳ ಕೈ ಮೇಲೆ ಒಂದಕ್ಷರನೂ ಬರ್ದಿಲ್ಲ ಅಕ್ಕ ಅಂದ್ಲು. ಮೂರು ಗಂಟೆ ಮೇಲಂತೂ ಅವಳು ಒಳಗಿದ್ಲು, ನಾನು ಹೊರಗೆ ಬೆಂಚಿನ ಮೇಲಿದ್ದೆ ಅಂದ್ಲು. ಇದನ್ನ ಕಳಿಸೋಣ, ಕೇಸು ಮತ್ತೆ ನೋಡ್ತಾರೆ ಅಂದ್ರೆ ಬೇಡ ಅಂದುಬಿಟ್ಲು.

ನಾನು ಸುಳ್ಳು ಹೇಳ್ತಿಲ್ಲ. ಬೇಕಿದ್ರೆ ಹಾಲೇಶ್ ನಂಬರ್ ಕೊಡ್ತೀನಿ, ಕೇಳಿ. ಅಮೂಲ್ಯ ತೀರ್ಕೊಂಡಿದ್ದು ನಾಲ್ಕೂ ಇಪ್ಪತ್ತಕ್ಕೆ. ಆಸ್ಪತ್ರೆ ಕಾಗದದಲ್ಲೂ ಹಾಗೇ ಇದೆ. ಆ ಕೈ ಮೇಲಿನ ಕೊನೇ ಸಾಲು, ಮೊಣಕೈ ಹತ್ರ ಇರೋದು, ನಾಲ್ಕೂ ನಲವತ್ತರದು. ಅದರ ಮುಂದೆ ಎಪ್ಪತ್ತೆರಡು ಅಂತ ಬರೆದಿದೆ.